ಶುಗರ್ ಇರುವವರು ತೂಕ ಇಳಿಸಲು ಗ್ರೋತ್ ಹಾರ್ಮೋನ್ ಇಂಜೆಕ್ಷನ್ ತಗೋಬಹುದಾ?

ಸಂಜೆಗಾಳಿ

ಎಲ್ಲರಿಗೂ ನಮಸ್ಕಾರ. ನನಗೆ ಟೈಪ್ 2 ಡಯಾಬಿಟಿಸ್. ಹಲವು ವರ್ಷ ಬರೀ ಮಾತ್ರೆಯಲ್ಲೇ ನಡೆಯಿತು. ಹೋದ ವರ್ಷ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಟೆಸ್ಟ್) 9.6 ಬಂದ ಮೇಲೆ ಡಾಕ್ಟರು ರಾತ್ರಿ ಹೊತ್ತು ಇನ್ಸುಲಿನ್ ಶುರು ಮಾಡಿದರು. ಈಗ 7.4ಕ್ಕೆ ಇಳಿದಿದೆ. ಆದರೆ ತೂಕ 6 ಕೆಜಿ ಏರಿದೆ. ಏರಿದ್ದೆಲ್ಲ ಹೊಟ್ಟೆಗೇ ಹೋಗಿದೆ.

ಜಿಮ್‌ನಲ್ಲಿ ಟ್ರೇನರ್ ಒಬ್ಬರು ಗ್ರೋತ್ ಹಾರ್ಮೋನ್ ತಗೊಳ್ಳಿ ಅಂತ ಹೇಳುತ್ತಿದ್ದಾರೆ. ಕೊಬ್ಬು ಕರಗುತ್ತೆ, ಮಸಲ್ ಬರುತ್ತೆ, ಮಸಲ್ ಬಂದರೆ ಶುಗರ್ ತಾನಾಗಿಯೇ ಇಳಿಯುತ್ತೆ ಅನ್ನುವುದು ಅವರ ವಾದ. ನಾನೂ ಸ್ವಲ್ಪ ಓದಿದೆ. ದಪ್ಪ ಇರುವವರ ರಕ್ತದಲ್ಲಿ ಈ ಹಾರ್ಮೋನ್ ಕಡಿಮೆ ಇರುತ್ತದಂತೆ. ಹಾಗಾದರೆ ಕಡಿಮೆ ಇರುವುದನ್ನು ತುಂಬಿಕೊಂಡರೆ ತಪ್ಪೇನು? ಗೊತ್ತಿರುವವರು ದಯವಿಟ್ಟು ಹೇಳಿ. ಮುಂದಿನ ತಿಂಗಳು ಡಾಕ್ಟರ ಹತ್ತಿರ ಹೋಗುವವನಿದ್ದೇನೆ.

ಹಾರ್ಮೋನ್ ಓದುಗ

ಸರ್, ನಾನು ಎಂಡೋಕ್ರೈನಾಲಜಿ, ಅಂದರೆ ಹಾರ್ಮೋನ್ ಕಾಯಿಲೆಗಳ ವಿಭಾಗದಲ್ಲಿ ತರಬೇತಿಯಲ್ಲಿದ್ದೇನೆ. ನಿಮ್ಮ ಡಾಕ್ಟರ ಮಾತಿಗೆ ಬದಲು ಅಂತ ಇದನ್ನು ತಗೋಬೇಡಿ, ವಿಷಯ ಅರ್ಥವಾಗಲಿ ಅಂತ ಬರೆಯುತ್ತಿದ್ದೇನೆ.

ಟ್ರೇನರ್ ಹೇಳಿದ್ದರಲ್ಲಿ ಮೊದಲ ಅರ್ಧ ನಿಜ. ಗ್ರೋತ್ ಹಾರ್ಮೋನ್ ಕೊಬ್ಬು ಕರಗಿಸುತ್ತದೆ. ಎರಡನೇ ಅರ್ಧ, ಅಂದರೆ ಶುಗರ್ ಇಳಿಯುತ್ತದೆ ಅನ್ನುವುದು, ಪೂರ್ತಿ ಉಲ್ಟಾ.

ಮಿದುಳಿನ ಕೆಳಗೆ ಪಿಟ್ಯುಟರಿ ಅಂತ ಒಂದು ಪುಟ್ಟ ಗ್ರಂಥಿ ಇದೆ. ಈ ಹಾರ್ಮೋನ್ ಅಲ್ಲಿಂದ ಬರುತ್ತದೆ. ಹೊಟ್ಟೆ ಖಾಲಿ ಇದ್ದಾಗ ಮೈಯಲ್ಲಿರುವ ಗ್ಲೂಕೋಸ್ ಮಿದುಳಿಗೆ ಉಳಿಯಬೇಕು, ಮಾಂಸಖಂಡ ಕರಗಬಾರದು. ಅದಕ್ಕೇ ಗ್ರೋತ್ ಹಾರ್ಮೋನ್ ಕೊಬ್ಬಿನ ಜೀವಕೋಶಗಳಿಂದ ಕೊಬ್ಬಿನಾಮ್ಲವನ್ನು ಹೊರಗೆ ಬಿಡಿಸುತ್ತದೆ. ಮಾಂಸಖಂಡಗಳು ಅದನ್ನೇ ಸುಟ್ಟುಕೊಂಡು ಗ್ಲೂಕೋಸನ್ನು ಬಿಟ್ಟುಬಿಡುತ್ತವೆ. ಲಿವರ್ ಕೂಡ ಜಾಸ್ತಿ ಗ್ಲೂಕೋಸ್ ಹೊರಗೆ ಬಿಡುತ್ತದೆ. ಇನ್ಸುಲಿನ್ ಚೆನ್ನಾಗಿ ಬರುವ ಆರೋಗ್ಯವಂತರಲ್ಲಿ ಇದೆಲ್ಲ ಸರಿದೂಗಿಕೊಂಡು ಹೋಗುತ್ತದೆ. ಶುಗರ್ ಇರುವವರಲ್ಲಿ ಆ ಗ್ಲೂಕೋಸ್ ರಕ್ತದಲ್ಲೇ ನಿಲ್ಲುತ್ತದೆ. ಇನ್ಸುಲಿನ್ ಒಂದು ಕಡೆ ಎಳೆದರೆ ಇದು ಇನ್ನೊಂದು ಕಡೆ ಎಳೆಯುತ್ತದೆ.

ಇದು ಹೊಸ ವಿಷಯವೇನಲ್ಲ. ಅರ್ಜೆಂಟೀನಾದ ವಿಜ್ಞಾನಿ ಬರ್ನಾರ್ಡೊ ಹೌಸೇ ಡಯಾಬಿಟಿಸ್ ಬರಿಸಿದ ನಾಯಿಗಳ ಪಿಟ್ಯುಟರಿ ತೆಗೆದು ನೋಡಿದರು. ಕಾಯಿಲೆ ಎಷ್ಟೋ ಹಗುರವಾಯಿತು. 1937ರಲ್ಲಿ ಫ್ರಾಂಕ್ ಯಂಗ್ ಇದನ್ನೇ ತಿರುಗಿಸಿ ಮಾಡಿದರು. ಆರೋಗ್ಯವಾಗಿದ್ದ ನಾಯಿಗಳಿಗೆ ಪಿಟ್ಯುಟರಿ ಸತ್ವ ಚುಚ್ಚಿದರು. ಚುಚ್ಚುವುದು ನಿಲ್ಲಿಸಿದ ಮೇಲೂ ಆ ನಾಯಿಗಳಿಗೆ ಡಯಾಬಿಟಿಸ್ ಉಳಿದುಬಿಟ್ಟಿತು. ಹೌಸೇ ಅವರಿಗೆ 1947ರಲ್ಲಿ ನೊಬೆಲ್ ಬಂತು.

ಸಂಜೆಗಾಳಿ

ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬ ಥ್ಯಾಂಕ್ಸ್. ಆದರೆ ನನ್ನ ಒಂದು ಪ್ರಶ್ನೆ ಹಾಗೇ ಉಳಿಯಿತು. ದಪ್ಪ ಇರುವವರಲ್ಲಿ ಅದು ಕಡಿಮೆ ಇದೆ ಅನ್ನುವುದು ಸುಳ್ಳಾ?

ಹಾರ್ಮೋನ್ ಓದುಗ

ಸುಳ್ಳಲ್ಲ, ನಿಜ. ಹೊಟ್ಟೆಯೊಳಗಿನ ಕೊಬ್ಬು ಜಾಸ್ತಿಯಾದಷ್ಟೂ ಪಿಟ್ಯುಟರಿ ಬಿಡುವ ಹಾರ್ಮೋನ್ ಕಡಿಮೆಯಾಗುತ್ತದೆ. ಯಾವುದರಿಂದ ಯಾವುದು ಅನ್ನುವುದು ಇಲ್ಲಿ ಮುಖ್ಯ. ತೂಕ ಇಳಿಸಿದವರನ್ನು ಮತ್ತೆ ಪರೀಕ್ಷೆ ಮಾಡಿದರೆ ಹಾರ್ಮೋನ್ ತಾನಾಗಿಯೇ ಮೇಲೆ ಬಂದಿರುತ್ತದೆ. ಅಂದರೆ ಬಹುಪಾಲು ಜನರಲ್ಲಿ ದಪ್ಪ ಆಗಿದ್ದರಿಂದ ಹಾರ್ಮೋನ್ ಇಳಿದಿದೆ. ಹಾರ್ಮೋನ್ ಇಳಿದದ್ದರಿಂದ ದಪ್ಪ ಆಗಿಲ್ಲ.

ನಿಜವಾದ ಕೊರತೆ ಬೇರೆ. ಪಿಟ್ಯುಟರಿಯಲ್ಲಿ ಗೆಡ್ಡೆ, ಆಪರೇಷನ್, ರೇಡಿಯೇಷನ್, ತಲೆಗೆ ಬಲವಾದ ಪೆಟ್ಟು, ಇಂಥದ್ದರಿಂದ ಅದು ಬರುತ್ತದೆ. ಅಂಥವರಿಗೆ ಈ ಇಂಜೆಕ್ಷನ್ ಬೇಕಾಗುತ್ತದೆ. ಅವರ ಮೇಲೆ ಮಾಡಿ 1989ರಲ್ಲಿ ಪ್ರಕಟವಾದ ಪ್ರಯೋಗವೊಂದರ ಫಲಿತಾಂಶ ನೋಡಿ. ಆರು ತಿಂಗಳಲ್ಲಿ ಸರಾಸರಿ 5.7 ಕೆಜಿ ಕೊಬ್ಬು ಹೋಯಿತು. ಕೊಬ್ಬಲ್ಲದ ಭಾಗ 5.5 ಕೆಜಿ ಜಾಸ್ತಿಯಾಯಿತು. ತೂಕದ ಯಂತ್ರದಲ್ಲಿ ಹೆಚ್ಚುಕಡಿಮೆ ಅದೇ ನಂಬರು! ಆ ಕೊಬ್ಬಲ್ಲದ ಭಾಗದಲ್ಲಿ ನೀರಿನ ಪಾಲೂ ಇರುತ್ತದೆ. ಈ ಹಾರ್ಮೋನ್ ಮೈಯಲ್ಲಿ ಉಪ್ಪು, ನೀರು ಹಿಡಿದಿಡುತ್ತದೆ. ಅದಕ್ಕೇ ಕಾಲು ಊತ, ಗಂಟು ನೋವು, ಮಣಿಕಟ್ಟಿನ ನರ ಒತ್ತಿ ಕೈ ಜೋಮು ಹಿಡಿಯುವುದು ಇದರ ಮಾಮೂಲಿ ಅಡ್ಡ ಪರಿಣಾಮಗಳು.

ಕೊರತೆಯೇ ಇಲ್ಲದವರು ತಗೊಂಡರೆ ಅಡ್ಡ ಪರಿಣಾಮ ಮಾತ್ರ ಖಚಿತ.

ಮಗಳ ಗ್ರಾಫ್

ಮಧ್ಯೆ ಬಂದಿದ್ದಕ್ಕೆ ಬೇಜಾರು ಮಾಡ್ಕೋಬೇಡಿ. ನನ್ನ ಮಗಳಿಗೆ 13 ವರ್ಷ, ಟೈಪ್ 1. ತೋಳಿಗೆ ಶುಗರ್ ಅಳೆಯುವ ಸೆನ್ಸರ್ ಹಾಕಿದ್ದೇವೆ. ರಾತ್ರಿ 12ಕ್ಕೆ 120 ಇರುತ್ತದೆ. 3 ಗಂಟೆವರೆಗೂ ಗೆರೆ ಸಪಾಟಾಗಿ ಹೋಗುತ್ತದೆ. ಆಮೇಲೆ ಏರತೊಡಗಿ 6 ಗಂಟೆಗೆ 230 ದಾಟುತ್ತದೆ. ಅವಳು ಮಲಗಿದಲ್ಲಿಂದ ಎದ್ದೇ ಇರುವುದಿಲ್ಲ. ಮನೆಯಲ್ಲಿ ದೊಡ್ಡವರು ರಾತ್ರಿ ಏನೋ ಕದ್ದು ತಿನ್ನುತ್ತಾಳೆ ಅಂತ ಬೈಯುತ್ತಾರೆ. ಅವಳು ಅತ್ತುಬಿಡುತ್ತಾಳೆ. ಒಂದು ವರ್ಷದಲ್ಲಿ ಇನ್ಸುಲಿನ್ ಡೋಸ್ ಕೂಡ ಹತ್ತಿರ ಹತ್ತಿರ ಎರಡು ಪಟ್ಟು ಆಗಿದೆ. ಇದಕ್ಕೂ ಈ ಹಾರ್ಮೋನ್‌ಗೂ ಸಂಬಂಧ ಇದೆಯಾ?

ಹಾರ್ಮೋನ್ ಓದುಗ

ಅಕ್ಕಾ, ನೇರ ಸಂಬಂಧ ಇದೆ. ದಯವಿಟ್ಟು ಇದನ್ನು ಮನೆಯವರಿಗೂ ಓದಿ ಹೇಳಿ. ಆ ಹುಡುಗಿ ಕದ್ದು ತಿನ್ನುತ್ತಿಲ್ಲ.

ಗ್ರೋತ್ ಹಾರ್ಮೋನ್ ದಿನವಿಡೀ ಒಂದೇ ಸಮನೆ ಬರುವುದಿಲ್ಲ, ಅಲೆ ಅಲೆಯಾಗಿ ಬರುತ್ತದೆ. ದೊಡ್ಡ ಅಲೆಗಳು ಗಾಢ ನಿದ್ದೆಯಲ್ಲಿ. ಶುಗರ್ ಮೇಲೆ ಅದರ ಪರಿಣಾಮ ಕಾಣಿಸಲು ಕೆಲವು ಗಂಟೆ ಹಿಡಿಯುತ್ತದೆ. ಅಷ್ಟರಲ್ಲಿ ಬೆಳಗಿನ ಜಾವ ಆಗಿರುತ್ತದೆ. ಇದನ್ನು ಡಾನ್ ಫಿನಾಮಿನನ್ ಅನ್ನುತ್ತಾರೆ. 1980ರ ದಶಕದಲ್ಲೇ ಇದರ ಹಿಂದೆ ಗ್ರೋತ್ ಹಾರ್ಮೋನ್ ಇದೆ ಅಂತ ತೋರಿಸಿದ್ದರು.

ಮೈನೆರೆಯುವ ವಯಸ್ಸಿನಲ್ಲಿ ಈ ಹಾರ್ಮೋನ್ ಎಲ್ಲ ಮಕ್ಕಳಲ್ಲೂ ಜಾಸ್ತಿ ಬರುತ್ತದೆ. ಎತ್ತರ ಬೆಳೆಯುವುದೇ ಅದರಿಂದ. ಟೈಪ್ 1 ಇರುವ ಮಕ್ಕಳಲ್ಲಿ ಇನ್ನೂ ಒಂದು ತೊಡಕಿದೆ. ನಮ್ಮ ಮೈಯದೇ ಇನ್ಸುಲಿನ್ ಆದರೆ ಮೊದಲು ಲಿವರ್‌ಗೆ ಹೋಗುತ್ತದೆ. ಚರ್ಮದ ಕೆಳಗೆ ಚುಚ್ಚಿದ್ದು ಮೈಯೆಲ್ಲ ಸುತ್ತಿ ಲಿವರ್‌ಗೆ ಸ್ವಲ್ಪವೇ ಸಿಗುತ್ತದೆ. ಆ ಇನ್ಸುಲಿನ್ ಸಾಕಷ್ಟು ಸಿಗದಿದ್ದರೆ ಲಿವರ್ ಐಜಿಎಫ್-1 ಅನ್ನುವ ವಸ್ತುವನ್ನು ಕಡಿಮೆ ತಯಾರು ಮಾಡುತ್ತದೆ. ಪಿಟ್ಯುಟರಿಗೆ ಇನ್ನು ಸಾಕು ಅಂತ ಹೇಳುವುದು ಆ ಐಜಿಎಫ್-1. ಹೇಳುವವರಿಲ್ಲದೆ ಪಿಟ್ಯುಟರಿ ಇನ್ನೂ ಹಾರ್ಮೋನ್ ಸುರಿಸುತ್ತದೆ. ಶುಗರ್ ಇನ್ನೂ ಏರುತ್ತದೆ.

ಮೈನೆರೆಯುವ ಮುಂಚೆ ಕೆಜಿ ತೂಕಕ್ಕೆ ದಿನಕ್ಕೆ ಸುಮಾರು 0.7ರಿಂದ 1 ಯೂನಿಟ್ ಸಾಕಾಗುತ್ತಿದ್ದ ಮಕ್ಕಳಿಗೆ ಈ ವಯಸ್ಸಿನಲ್ಲಿ 1.2 ದಾಟಿ, ಕೆಲವರಿಗೆ 2 ಯೂನಿಟ್‌ವರೆಗೂ ಬೇಕಾಗುತ್ತದೆ. ಡೋಸ್ ಜಾಸ್ತಿಯಾಯಿತು ಅಂದರೆ ಕಾಯಿಲೆ ಕೆಟ್ಟಿತು ಅಂತ ಅರ್ಥ ಅಲ್ಲ. ಬೆಳೆಯುವುದು ಮುಗಿದ ಮೇಲೆ ಮತ್ತೆ ಇಳಿಯುತ್ತದೆ. ಇನ್ಸುಲಿನ್ ಪಂಪ್ ಇದ್ದರೆ ಬೆಳಗಿನ ಜಾವಕ್ಕೆ ಮಾತ್ರ ಬೇಸಲ್ (ದಿನವಿಡೀ ಸ್ವಲ್ಪ ಸ್ವಲ್ಪವೇ ಹೋಗುವ ಇನ್ಸುಲಿನ್) ಏರಿಸಬಹುದು. ಪೆನ್ ಆದರೆ ಯಾವ ಇನ್ಸುಲಿನ್, ಯಾವ ಹೊತ್ತಿಗೆ ಅನ್ನುವುದನ್ನು ಡಾಕ್ಟರು ಬದಲಿಸಿ ನೋಡುತ್ತಾರೆ. ಆ ಗ್ರಾಫ್‌ಗಳನ್ನು ಹಾಗೇ ತಗೊಂಡು ಹೋಗಿ ತೋರಿಸಿ.

ಮಗಳ ಗ್ರಾಫ್

ಓದಿ ಹೇಳಿದೆ. ಅಜ್ಜಿ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡರು. ನಿಮಗೆ ತುಂಬ ಥ್ಯಾಂಕ್ಸ್ ತಮ್ಮಾ.

ಇನ್ನೊಂದು ಭಯ ಇದೆ. ಡೋಸ್ ಏರಿದ ಮೇಲೆ ಅವಳ ತೂಕವೂ ಏರಿದೆ. ಇನ್ಸುಲಿನ್ನಿಂದ ದಪ್ಪ ಆಗುತ್ತಿದ್ದೇನೆ ಅಂತ ಒಂದು ಸಲ ಅಂದಳು.

ಪೆನ್ನು ಬಿಟ್ಟ ದಿನಗಳು

ಅಕ್ಕಾ, ಆ ಮಾತನ್ನು ದಯವಿಟ್ಟು ಹಗುರವಾಗಿ ತಗೋಬೇಡಿ. ನನಗೂ ಟೈಪ್ 1. ಕಾಲೇಜಿನ ದಿನಗಳಲ್ಲಿ ನನ್ನ ಜೊತೆಗಿದ್ದ ಗೆಳತಿಯೊಬ್ಬಳು ಸಣ್ಣಗಾಗಬೇಕು ಅಂತ ಇನ್ಸುಲಿನ್ ಬಿಡುತ್ತಿದ್ದಳು. ತೂಕ ಇಳಿಯಿತು, ಎಲ್ಲರೂ ಚೆನ್ನಾಗಿ ಕಾಣ್ತೀಯ ಅಂದರು. ಆಮೇಲೆ ಕೀಟೋಅಸಿಡೋಸಿಸ್ (ಇನ್ಸುಲಿನ್ ಇಲ್ಲದೆ ರಕ್ತ ಆಮ್ಲೀಯವಾಗುವುದು) ಆಗಿ ಐಸಿಯು ಸೇರಿದಳು. ಉಸಿರು ಎಳೆದೆಳೆದು ಬಿಡುತ್ತಿದ್ದಳು. ಬಾಯಿಂದ ಕೊಳೆತ ಹಣ್ಣಿನ ವಾಸನೆ ಬರುತ್ತಿತ್ತು. ಅದು ನನಗೆ ಇವತ್ತಿಗೂ ನೆನಪಿದೆ.

ಇದು ಅನೇಕ ಹದಿಹರೆಯದ ಮಕ್ಕಳು ಯಾರಿಗೂ ಹೇಳದೆ ಮಾಡುವ ಕೆಲಸ. ಬೈಯದೆ ಕೇಳಿ. ಅವಳ ಡಾಕ್ಟರ ಜೊತೆ ತೂಕದ ಬಗ್ಗೆ ಅವಳೇ ಮಾತಾಡಲಿ. ಮೈನೆರೆಯುವಾಗ ಹುಡುಗಿಯರಿಗೆ ಶುಗರ್ ಇಲ್ಲದಿದ್ದರೂ ಸ್ವಲ್ಪ ತೂಕ ಬರುತ್ತದೆ ಅನ್ನುವುದನ್ನೂ ಅವಳಿಗೆ ಹೇಳಿ.

ಬಿಗಿಯಾದ ಉಂಗುರ

ನನ್ನ ಕಥೆ ಸಂಜೆಗಾಳಿ ಅವರಿಗೆ ಉಪಯೋಗವಾಗಬಹುದು. ನೀವು ಚುಚ್ಚಿಸಿಕೊಳ್ಳಬೇಕು ಅಂತಿರುವ ಹಾರ್ಮೋನ್ ನನ್ನ ಮೈಯಲ್ಲಿ ವರ್ಷಗಟ್ಟಲೆ ತಾನಾಗಿಯೇ ಜಾಸ್ತಿ ಸುರಿಯುತ್ತಿತ್ತು. ಅಕ್ರೊಮೆಗಲಿ. ಪಿಟ್ಯುಟರಿಯಲ್ಲಿ ಒಂದು ಗೆಡ್ಡೆ, ಕ್ಯಾನ್ಸರ್ ಅಲ್ಲ.

ಮೊದಲು ಉಂಗುರ ಬೆರಳಲ್ಲಿ ಸಿಕ್ಕಿಕೊಂಡಿತು. ಕತ್ತರಿಸಿ ತೆಗೆಸಬೇಕಾಯಿತು. ಶೂ ಸೈಜ್ 8 ಇದ್ದದ್ದು 10 ಆಯಿತು. ಬೆವರು, ಗೊರಕೆ, ತಲೆನೋವು. ಅದರ ಜೊತೆಗೇ ಶುಗರ್ ಬಂತು. ಮೂರು ಬಗೆ ಮಾತ್ರೆ ಸಾಲದೆ ಇನ್ಸುಲಿನ್ ಹಿಡಿಯಿತು. ಎಷ್ಟು ಹಾಕಿದರೂ ಕೇಳುತ್ತಿರಲಿಲ್ಲ. ಎಲ್ಲರೂ ತೂಕ ಇಳಿಸಿ ಅನ್ನುತ್ತಿದ್ದರು. ತೂಕ 92 ಕೆಜಿ ಇತ್ತು ನಿಜ, ಆದರೆ ಹೊಟ್ಟೆ ಅಂತ ಇರಲೇ ಇಲ್ಲ. ಕೊನೆಗೆ ಹಲ್ಲಿನ ಡಾಕ್ಟರು ಹಳೇ ಫೋಟೋ ಇದ್ದರೆ ತನ್ನಿ ಅಂದರು. ದವಡೆ ಮುಂದೆ ಬಂದಿದ್ದನ್ನು, ಹಲ್ಲುಗಳ ನಡುವೆ ಸಂದಿ ಬಿಟ್ಟಿದ್ದನ್ನು ಕಂಡುಹಿಡಿದವರು ಅವರೇ.

ಮೂಗಿನ ಮೂಲಕ ಆಪರೇಷನ್ ಮಾಡಿ ಗೆಡ್ಡೆ ತೆಗೆದರು. ಕೆಲವೇ ದಿನಕ್ಕೆ ಇನ್ಸುಲಿನ್ ಡೋಸ್ ಇಳಿಯುತ್ತಾ ಬಂದು ನಿಂತುಹೋಯಿತು. ಈಗ ಒಂದೇ ಮಾತ್ರೆ. ಸೋಜಿಗದ ಸಂಗತಿ ಏನೆಂದರೆ, ಆಮೇಲೆ ನನಗೆ ಜೀವನದಲ್ಲಿ ಮೊದಲ ಸಲ ಸಣ್ಣ ಹೊಟ್ಟೆ ಬಂತು. ಕೊಬ್ಬು ಜಾಸ್ತಿಯಾಯಿತು, ಶುಗರ್ ಇಳಿಯಿತು. ಹಾರ್ಮೋನ್ ಜಾಸ್ತಿ ಇದ್ದಾಗ ಕೊಬ್ಬು ಇರಲಿಲ್ಲ, ಶುಗರ್ ಹತೋಟಿಗೇ ಬರುತ್ತಿರಲಿಲ್ಲ.

ಹಾರ್ಮೋನ್ ಓದುಗ

ಈ ಹಾರ್ಮೋನ್ ವಿಷಯದಲ್ಲಿ ಕೊಬ್ಬು ಒಂದು ದಿಕ್ಕಿಗೆ, ಶುಗರ್ ಇನ್ನೊಂದು ದಿಕ್ಕಿಗೆ ಹೋಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗದು. ಬರೆದದ್ದಕ್ಕೆ ಧನ್ಯವಾದ ಸರ್.

ಇದರ ತದ್ವಿರುದ್ಧವೂ ಇದೆ. ಲಾರನ್ ಸಿಂಡ್ರೋಮ್. ಇಸ್ರೇಲಿನ ಜ್ವಿ ಲಾರನ್ 1966ರಲ್ಲಿ ವಿವರಿಸಿದ್ದು. ಇವರ ಮೈಯಲ್ಲಿ ಹಾರ್ಮೋನ್ ಬರುತ್ತದೆ, ಆದರೆ ಅದನ್ನು ಹಿಡಿದುಕೊಳ್ಳುವ ರಿಸೆಪ್ಟರ್ ಕೆಟ್ಟಿರುತ್ತದೆ. ಎತ್ತರ ತೀರಾ ಕಡಿಮೆ, ಮೈಯಲ್ಲಿ ಕೊಬ್ಬು ಜಾಸ್ತಿ. ಈಕ್ವೆಡಾರ್ ದೇಶದಲ್ಲಿ ಇಂಥ ಸುಮಾರು ನೂರು ಜನರನ್ನು ಹೈಮೆ ಗೆವಾರಾ ಅಗಿರ್ರೆ ಅನ್ನುವ ಡಾಕ್ಟರು ವರ್ಷಗಟ್ಟಲೆ ನೋಡಿಕೊಂಡು ಬಂದರು. 2011ರಲ್ಲಿ ಪ್ರಕಟಿಸಿದಾಗ ಅವರಲ್ಲಿ ಒಬ್ಬರಿಗೂ ಡಯಾಬಿಟಿಸ್ ಇರಲಿಲ್ಲ. ಅವರ ಸಂಬಂಧಿಕರಲ್ಲಿ ಸುಮಾರು ನೂರಕ್ಕೆ ಐದು ಜನರಿಗೆ ಇತ್ತು. ಇಸ್ರೇಲಿನ ರೋಗಿಗಳಲ್ಲಿ ಕೆಲವರಿಗೆ ವಯಸ್ಸಾದ ಮೇಲೆ ಬಂದಿದೆ, ಹಾಗಾಗಿ ಇದು ಕವಚ ಅಂತಲೂ ಹೇಳುವ ಹಾಗಿಲ್ಲ.

ಹದಿನಾರು ಗಂಟೆ

ನನ್ನದೊಂದು ಅನುಮಾನ. ಇಂಜೆಕ್ಷನ್ ಬೇಡ, ಸರಿ. ಉಪವಾಸ ಮಾಡಿದರೆ ಗ್ರೋತ್ ಹಾರ್ಮೋನ್ ಹಲವು ಪಟ್ಟು ಏರುತ್ತದೆ, ಅದಕ್ಕೇ ಮಸಲ್ ಬೆಳೆಯುತ್ತದೆ ಅಂತ ವಿಡಿಯೋಗಳಲ್ಲಿ ಹೇಳ್ತಾರೆ. ಅದೂ ಶುಗರ್ ಏರಿಸುತ್ತದಾ?

ಹಾರ್ಮೋನ್ ಓದುಗ

ಉಪವಾಸದಲ್ಲಿ ಅದು ಏರುವುದು ನಿಜ. ಆದರೆ ಆಗ ಮಸಲ್ ಬೆಳೆಯುವುದಿಲ್ಲ, ಕರಗುವುದು ನಿಧಾನವಾಗುತ್ತದೆ ಅಷ್ಟೇ. ಬೆಳವಣಿಗೆಗೆ ಐಜಿಎಫ್-1 ಬೇಕು. ಹಸಿದ ಹೊಟ್ಟೆಯಲ್ಲಿ ದಿನ ಕಳೆದಂತೆ ಅದು ಇಳಿಯುತ್ತದೆ. ಊಟವೇ ಇಲ್ಲದ್ದರಿಂದ ಶುಗರ್ ಒಟ್ಟಿನಲ್ಲಿ ಇಳಿಯುತ್ತದೆ. ಅಪಾಯ ಇರುವುದೂ ಅಲ್ಲೇ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತರಹದ ಮಾತ್ರೆ ತಗೊಳ್ಳುವವರು ಡೋಸ್ ಕೇಳದೆ ಉಪವಾಸ ಮಾಡಿದರೆ ಶುಗರ್ ದಿಢೀರ್ ಅಂತ ಕುಸಿಯಬಹುದು.

ಲ್ಯಾಬ್ ಕಿಟಕಿ

ನಾನು ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಎಷ್ಟೋ ಜನ ತಾವೇ ಬಂದು ಗ್ರೋತ್ ಹಾರ್ಮೋನ್ ಟೆಸ್ಟ್ ಮಾಡಿ ಅನ್ನುತ್ತಾರೆ. ಸುಮ್ನೆ ದುಡ್ಡು ಹಾಳು. ಎರಡು ಅಲೆಗಳ ನಡುವಿನ ಹೊತ್ತಿನಲ್ಲಿ ರಕ್ತ ತೆಗೆದರೆ ಆರೋಗ್ಯವಂತರಲ್ಲೂ ಸೊನ್ನೆ ಹತ್ತಿರ ಬರುತ್ತದೆ. ಆ ಕಾಗದ ಹಿಡಿದುಕೊಂಡು ಕೊರತೆ ಇದೆ ಅಂತ ಇಂಜೆಕ್ಷನ್ ಮಾರುವವರೂ ಇದ್ದಾರೆ. ಅದನ್ನು ಕಂಡಾಗೆಲ್ಲ ಸಿಟ್ಟು ಬರುತ್ತದೆ.

ಕೊರತೆ ನೋಡಲು ಹಾರ್ಮೋನನ್ನು ಕೆರಳಿಸುವ ಟೆಸ್ಟ್ ಇದೆ. ಜಾಸ್ತಿ ಇದೆಯಾ ಅಂತ ನೋಡಲು 75 ಗ್ರಾಂ ಗ್ಲೂಕೋಸ್ ಕುಡಿಸಿ ಹಾರ್ಮೋನ್ ಇಳಿಯುತ್ತದಾ ಅಂತ ನೋಡುತ್ತಾರೆ. ಐಜಿಎಫ್-1 ಟೆಸ್ಟ್ ಒಳ್ಳೆಯದೇ, ಆದರೆ ಶುಗರ್ ತೀರಾ ಹತೋಟಿ ತಪ್ಪಿದ್ದರೆ ಅದೂ ಸುಳ್ಳು ಕಡಿಮೆ ತೋರಿಸಬಹುದು. ಶುಗರ್ ಇರುವವರು ರಿಪೋರ್ಟ್‌ನಲ್ಲಿ ಕೆಂಪು ಗುರುತು ಕಂಡ ತಕ್ಷಣ ಗಾಬರಿಯಾಗಬೇಡಿ, ಆಸೆಯನ್ನೂ ಪಡಬೇಡಿ.

ಸಂಜೆಗಾಳಿ

ಎಲ್ಲ ಓದಿದೆ. ಟ್ರೇನರ್‌ಗೂ ತೋರಿಸಿದೆ. ಅವರು ಹಾಗಾದರೆ ಮಾತ್ರೆ ಇದೆ, ಎಂಕೆ-677, ಅದು ನಿಮ್ಮದೇ ಹಾರ್ಮೋನ್ ಹೆಚ್ಚಿಸುತ್ತೆ, ನ್ಯಾಚುರಲ್ ಅಂದರು.

ಹಾರ್ಮೋನ್ ಓದುಗ

ಬೇಡವೇ ಬೇಡ ಸರ್. ಯಾವ ದಾರಿಯಿಂದ ಏರಿಸಿದರೂ ಹಾರ್ಮೋನ್ ಮಾಡುವ ಕೆಲಸ ಅದೇ. ಆ ವಸ್ತುವನ್ನು ಮನುಷ್ಯರ ಮೇಲೆ ಪ್ರಯೋಗ ಮಾಡಿದಾಗ ಖಾಲಿ ಹೊಟ್ಟೆಯ ಶುಗರ್ ಏರಿದೆ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದನ್ನು ಔಷಧಿಯಾಗಿ ಒಪ್ಪಿಲ್ಲ. ಬಾಟಲಿಯಲ್ಲಿ ಏನಿದೆ ಅನ್ನುವುದಕ್ಕೂ ಖಾತರಿ ಇಲ್ಲ.

ಟೆಸಮೊರೆಲಿನ್ ಅಂತ ಒಂದು ಇಂಜೆಕ್ಷನ್ ಇದೆ, ಅದೂ ಪಿಟ್ಯುಟರಿಯನ್ನು ಚುರುಕು ಮಾಡುತ್ತದೆ. 2010ರಲ್ಲಿ ಎಫ್‌ಡಿಎ ಒಪ್ಪಿದ್ದು ಎಚ್‌ಐವಿ ಇರುವವರ ಹೊಟ್ಟೆಯ ಕೊಬ್ಬಿಗೆ ಮಾತ್ರ. ತೂಕ ಇಳಿಸುವ ಔಷಧಿ ಅಂತ ಅಲ್ಲ.

ಇನ್ನೊಂದು ಮುಖ್ಯ ಮಾತು ಉಳಿದಿದೆ, ಕಣ್ಣು. ಡಯಾಬಿಟಿಸ್‌ನಿಂದ ಕಣ್ಣಿನ ಪರದೆ (ರೆಟಿನಾ) ತೀವ್ರವಾಗಿ ಕೆಟ್ಟಿರುವವರಿಗೆ ಗ್ರೋತ್ ಹಾರ್ಮೋನ್ ಕೊಡಬಾರದು ಅಂತ ಔಷಧಿಯ ಚೀಟಿಯಲ್ಲೇ ಬರೆದಿರುತ್ತದೆ. ಇದಕ್ಕೆ ಹಿನ್ನೆಲೆ ಇದೆ. 1953ರಲ್ಲಿ ಪೌಲ್ಸನ್ ಅನ್ನುವ ಡ್ಯಾನಿಶ್ ಡಾಕ್ಟರು ಒಬ್ಬ ಮಹಿಳೆಯ ಬಗ್ಗೆ ಬರೆದರು. ಹೆರಿಗೆಯ ನಂತರ ಆಕೆಯ ಪಿಟ್ಯುಟರಿ ಸತ್ತುಹೋಗಿತ್ತು. ಆಮೇಲೆ ಆಕೆಯ ಕಣ್ಣಿನ ಡಯಾಬಿಟಿಸ್ ತೊಂದರೆ ಕಡಿಮೆಯಾಗುತ್ತಾ ಬಂತು. ಅದನ್ನು ನೋಡಿ ಮುಂದಿನ ವರ್ಷಗಳಲ್ಲಿ ದೃಷ್ಟಿ ಉಳಿಸಲೆಂದು ರೋಗಿಗಳ ಪಿಟ್ಯುಟರಿಯನ್ನೇ ತೆಗೆಯುತ್ತಿದ್ದರು. ಅಷ್ಟು ಕಠಿಣ ಚಿಕಿತ್ಸೆ! ಲೇಸರ್ ಬಂದ ಮೇಲೆ ಅದು ನಿಂತಿತು.

ಸಂಜೆಗಾಳಿ

ಇಂಜೆಕ್ಷನ್ ಯೋಚನೆ ಬಿಟ್ಟೆ. ಆದರೆ 6 ಕೆಜಿ ಹಾಗೇ ಇದೆಯಲ್ಲ. ಇನ್ಸುಲಿನ್ ತಗೊಂಡರೆ ತೂಕ ಯಾಕೆ ಏರಬೇಕು?

ಹಾರ್ಮೋನ್ ಓದುಗ

9.6 ಇದ್ದಾಗ ನಿಮ್ಮ ರಕ್ತದ ಶುಗರ್ ದಿನದ ಬಹುಪಾಲು 180 ದಾಟಿಯೇ ಇತ್ತು. ಸುಮಾರು ಆ ಮಟ್ಟ ದಾಟಿದರೆ ಗ್ಲೂಕೋಸ್ ಮೂತ್ರದಲ್ಲಿ ಸೋರುತ್ತದೆ. ದಿನಕ್ಕೆ 60 ಗ್ರಾಂ ಸೋರಿತು ಅಂತಿಟ್ಟುಕೊಳ್ಳಿ, ಗ್ರಾಂಗೆ 4ರಂತೆ 240 ಕ್ಯಾಲೊರಿ ಸುಮ್ಮನೆ ಹೋಗುತ್ತಿತ್ತು. ಇನ್ಸುಲಿನ್ ಆ ಸೋರಿಕೆ ನಿಲ್ಲಿಸಿತು. ಊಟ ಮೊದಲಿನಷ್ಟೇ ಇದ್ದರೆ ಉಳಿದದ್ದು ಮೈಗೆ ಸೇರುತ್ತದೆ. ಇನ್ಸುಲಿನ್ ಕೊಬ್ಬು ಶೇಖರಿಸುವ ಹಾರ್ಮೋನ್ ಕೂಡ ಹೌದು. ಜೊತೆಗೆ ಶುಗರ್ ಇಳಿದು ನಡುಕ ಬಂದಾಗ ಏನಾದರೂ ತಿನ್ನಬೇಕಾಗುತ್ತದೆ. ಹಾಗಂತ ಇನ್ಸುಲಿನ್ ನೀವಾಗಿಯೇ ನಿಲ್ಲಿಸಬೇಡಿ.

ಡಾಕ್ಟರನ್ನು ಕೇಳಬೇಕಾದ್ದು ಬೇರೆ ಹಾರ್ಮೋನ್ ಬಗ್ಗೆ. ಜಿಎಲ್‌ಪಿ-1 ಅನ್ನುವ ಕರುಳಿನ ಹಾರ್ಮೋನಿನ ಕೆಲಸ ಮಾಡುವ ಗುಂಪಿನ ಔಷಧಿಗಳು. ಗ್ರೋತ್ ಹಾರ್ಮೋನ್‌ಗೂ ಇವುಗಳಿಗೂ ಸಂಬಂಧ ಇಲ್ಲ. ಇವು ಹಸಿವು ಕಡಿಮೆ ಮಾಡುತ್ತವೆ, ಶುಗರ್ ಕೂಡ ಇಳಿಸುತ್ತವೆ. ಟೈಪ್ 2 ಇರುವವರ ಮೇಲೆ ನಡೆದ ದೊಡ್ಡ ಪ್ರಯೋಗಗಳಲ್ಲಿ ವಾರಕ್ಕೆ 2.4 ಮಿಲಿಗ್ರಾಂ ಸೆಮಗ್ಲುಟೈಡ್ 68 ವಾರದಲ್ಲಿ ಸರಾಸರಿ ಶೇ 9.6 ತೂಕ ಇಳಿಸಿತು. ಜಿಎಲ್‌ಪಿ-1 ಜೊತೆಗೆ ಜಿಐಪಿ ಅನ್ನುವ ಹಾರ್ಮೋನಿನ ಕೆಲಸವನ್ನೂ ಮಾಡುವ ಟಿರ್ಜೆಪಟೈಡ್ 15 ಮಿಲಿಗ್ರಾಂ ಡೋಸ್‌ನಲ್ಲಿ 72 ವಾರಕ್ಕೆ ಶೇ 14.7 ಇಳಿಸಿತು. ವಾಕರಿಕೆ, ವಾಂತಿ, ಮಲಬದ್ಧತೆ ಇರುತ್ತದೆ. ಎಲ್ಲರಿಗೂ ಹೊಂದುವುದಿಲ್ಲ. ಕೊಬ್ಬಿನ ಜೊತೆ ಮಸಲ್ ಕೂಡ ಸ್ವಲ್ಪ ಹೋಗುತ್ತದೆ. ಅದಕ್ಕೇ ಆ ಜಿಮ್ ಬಿಡಬೇಡಿ. ಭಾರ ಎತ್ತುವ ವ್ಯಾಯಾಮ ಈಗ ಇನ್ನೂ ಮುಖ್ಯ.

ಸಂಜೆಗಾಳಿ

ಡಾಕ್ಟರನ್ನು ನೋಡಿ ಬಂದೆ. ಇನ್ಸುಲಿನ್ ಸ್ವಲ್ಪ ಇಳಿಸಿ ಸೆಮಗ್ಲುಟೈಡ್ ಸಣ್ಣ ಡೋಸ್‌ನಿಂದ ಶುರು ಮಾಡೋಣ ಅಂದರು. ಅದಕ್ಕೂ ಮುಂಚೆ ಕಣ್ಣಿನ ಪರದೆ ತೋರಿಸಿಕೊಂಡು ಬನ್ನಿ ಅಂತ ಚೀಟಿ ಕೊಟ್ಟಿದ್ದಾರೆ. ಇದು ಗ್ರೋತ್ ಹಾರ್ಮೋನ್ ಅಲ್ಲವಲ್ಲ, ಇದಕ್ಕೂ ಕಣ್ಣು ಯಾಕೆ?

ಹಾರ್ಮೋನ್ ಓದುಗ

ಒಳ್ಳೆ ಡಾಕ್ಟರು. ಕಾರಣ ಬೇರೆ. ಬಹಳ ದಿನ ಜಾಸ್ತಿ ಇದ್ದ ಶುಗರ್ ಬೇಗ ಬೇಗ ಇಳಿದರೆ, ಕಣ್ಣಿನ ಪರದೆ ಮೊದಲೇ ಕೆಟ್ಟಿರುವವರಲ್ಲಿ ಅದು ಕೆಲವು ಕಾಲ ಇನ್ನಷ್ಟು ಕೆಡಬಹುದು. ಇನ್ಸುಲಿನ್‌ನಿಂದ ಇಳಿಸಿದರೂ ಹಾಗೇ ಆಗುತ್ತದೆ. ಸೆಮಗ್ಲುಟೈಡ್‌ನ ಒಂದು ದೊಡ್ಡ ಪ್ರಯೋಗದಲ್ಲಿ ಇದು ಕಂಡುಬಂದಿತ್ತು. ಪರದೆ ಚೆನ್ನಾಗಿದ್ದರೆ ಧೈರ್ಯವಾಗಿ ಶುರು ಮಾಡಬಹುದು. ತೊಂದರೆ ಇದ್ದರೆ ಮೊದಲು ಅದಕ್ಕೆ ಚಿಕಿತ್ಸೆ, ಆಮೇಲೆ ಡೋಸ್ ನಿಧಾನವಾಗಿ ಏರಿಸುತ್ತಾರೆ. ಕಣ್ಣಿಗೆ ಪಾಪೆ ಹಿಗ್ಗಿಸುವ ಹನಿ ಹಾಕುತ್ತಾರೆ, ಕೆಲವು ಗಂಟೆ ಮಂಜು ಮಂಜಾಗಿರುತ್ತದೆ. ಗಾಡಿ ಓಡಿಸಿಕೊಂಡು ಹೋಗಬೇಡಿ, ಜೊತೆಗೆ ಯಾರನ್ನಾದರೂ ಕರ್ಕೊಂಡು ಹೋಗಿ.